ಅಣ್ಣನ ಕೊನೆಯ ರೀಲು

ಬಚ್ಚಲುಮನೆಯ ನಲ್ಲಿಯ ಕೆಳಗೆ ಅವನು ಅಳತೆಯ ಲೋಟ ತೊಳೆಯುತ್ತಿದ್ದ. ರೀಲು ತೊಳೆದು ಚಿತ್ರ ಬರಿಸುವ ಈ ಕೆಲಸಕ್ಕೇ ಅಣ್ಣ ಅವನನ್ನು ನೆಂಟರೆದುರು ಆಡಿಕೊಳ್ಳುತ್ತಿದ್ದದ್ದು: "ನಾನು ತೆಗೆಯೋನು, ಇವನು ತೊಳೆಯೋನು." ಎಲ್ಲರೂ ನಗುತ್ತಿದ್ದರು. ಕತ್ತಲಲ್ಲಿ ಕೂತು, ಬೆರಳು ಸುಕ್ಕುಗಟ್ಟುವ ತನಕ ಔಷಧದ ನೀರಿನಲ್ಲಿ ಆಡಿ, ಮುಖಗಳಿಗೆ ಜೀವ ತಂದವನು ತಮ್ಮ; ಚಿತ್ರದ ಕೆಳಗಿನ ಹೆಸರು ಮಾತ್ರ ಅಣ್ಣನದು.

ಕಲ್ಲುಕ್ವಾರಿಯ ಅಂಚಿನಲ್ಲಿ ಅಣ್ಣ, "ನಿಂತ್ಕೊಳ್ಳೋ, ಒಂದ್ಸಲ ನಿನ್ನ ಮೋರೆನೂ ತೆಗೀತೀನಿ. ತೊಳೆಯೋವಾಗ ಖುಷಿಯಾದ್ರೂ ಆಗ್ಲಿ" ಎಂದು ಕ್ಯಾಮೆರಾ ಕಣ್ಣಿಗೊತ್ತಿಕೊಂಡು ಹಿಂದೆ ಹಿಂದೆ ಸರಿದಾಗ, ಇವನ ಕೈಗಳು ಮುಂದೆ ಹೋದವು. ನೋಡಿದವರಿಲ್ಲ. ಕಾಲು ಜಾರಿತು ಅಂದರು ಜನ. ಆದರೆ ತಳ್ಳಿದ ಗಳಿಗೆಯಲ್ಲೇ ಕ್ಯಾಮೆರಾ ಕ್ಲಿಕ್ ಅಂದಿತ್ತು. ಅಂದಿನಿಂದ ಬಾಗಿಲ ಚಿಲಕ ಬಿದ್ದರೂ, ಅತ್ತಿಗೆ ಸಕ್ಕರೆ ಡಬ್ಬಿಯ ಮುಚ್ಚಳ ಒತ್ತಿದರೂ ಅವನಿಗೆ ಅದೇ ಸದ್ದು.

ಪೊದೆಗೆ ಸಿಕ್ಕಿಕೊಂಡು ಕ್ಯಾಮೆರಾ ಉಳಿದಿತ್ತು. ಇವತ್ತು ಅತ್ತಿಗೆ ಅದರ ರೀಲು ತಂದು ಕೈಗಿಟ್ಟಳು. "ನಿಮ್ಮಣ್ಣ ತೆಗೆದ ಕೊನೇದು. ನೀನೇ ತೊಳೆದುಕೊಡಪ್ಪ. ನಾನಿಲ್ಲೇ ಕೂತಿರ್ತೀನಿ." ಬಚ್ಚಲ ಬಾಗಿಲಾಚೆ ಕುರ್ಚಿ ಹಾಕಿ ಕೂತಳು. ತೊಡೆಯ ಮೇಲೆ ಯಾವುದೋ ಅಂಟಿಸಿಟ್ಟ ಲಕೋಟೆ, ಮೂಲೆಗಳು ಮಾಸಿಹೋಗಿದ್ದವು.

ರೀಲು ಕಳೆದುಹೋಯಿತು ಅಂದರೆ ಅನುಮಾನ ಬರುತ್ತದೆ. ಬೆಳಕು ತಾಗಿಸಿದರೆ ಪೂರ್ತಿ ಕಪ್ಪಾಗುತ್ತದೆ. ಅಂಥ ತಪ್ಪು ಇವನ ಕೈಯಿಂದ ಆಯಿತೆಂದರೆ ಯಾರೂ ನಂಬರು. ಆದರೆ ಖಾಲಿ ಬಂದರೆ ತಪ್ಪು ಅಣ್ಣನದು. ಹಿಂದೊಮ್ಮೆ ರೀಲಿನ ತುದಿಯನ್ನು ಕ್ಯಾಮೆರಾದ ಹಲ್ಲಿಗೆ ಸಿಕ್ಕಿಸದೆ, ಗೆಳೆಯನ ಮದುವೆಯನ್ನಿಡೀ ತೆಗೆದು, ಒಂದೂ ಚಿತ್ರ ಬಾರದೆ ಅಣ್ಣ ಪೆಚ್ಚಾದದ್ದು ಮನೆಯಲ್ಲಿ ಇಂದಿಗೂ ನಗೆಯ ಮಾತು.

ಕೆಲಸವೂ ಸುಲಭ. ಮೊದಲು ಡೆವಲಪರ್, ಅದು ಅಡಗಿಕೂತ ಚಿತ್ರವನ್ನು ಎಬ್ಬಿಸುತ್ತದೆ. ಆಮೇಲೆ ಫಿಕ್ಸರ್, ಅದು ಬೇಡದ್ದನ್ನೆಲ್ಲ ಕರಗಿಸುತ್ತದೆ. ಸರದಿ ತಿರುಗಿಸಿದರೆ, ಏಳಬೇಕಾದ್ದು ಏಳುವ ಮೊದಲೇ ಕರಗಿಹೋಗುತ್ತದೆ.

ದೀಪ ಆರಿಸಿ, ರೀಲನ್ನು ಸುರುಳಿಗೆ ಸುತ್ತಿ, ಬೆಳಕು ನುಸುಳದ ಡಬ್ಬಿಗಿಳಿಸಿದ. ಕತ್ತಲಲ್ಲಿ ಕುತ್ತಿಗೆಯ ಹಿಂದೆ ಯಾರೋ ಉಸಿರಾಡಿದಂತಾಯಿತು. ಗಬಕ್ಕನೆ ಮುಚ್ಚಳ ಬಿಗಿದು, ದೀಪ ಹಾಕಿ, ಮುಚ್ಚಳದ ತೂತಿನಿಂದ ಮೊದಲು ಫಿಕ್ಸರನ್ನೇ ಸುರಿದ. ಡಬ್ಬಿ ಅಲ್ಲಾಡಿಸಿದಾಗ ಒಳಗಿನ ನೀರು ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ಸದ್ದು ಮಾಡಿತು. ಅಣ್ಣ ಅವನದೆಂದು ತೆಗೆದದ್ದು ಅದೊಂದೇ ಚಿತ್ರ. ಅದರಲ್ಲಿ ತಾನು ಹೇಗೆ ಕಂಡಿದ್ದೆನೋ ಎಂಬ ಆಸೆ ಒಂದು ಕ್ಷಣ ಅವನ ಕೈ ಹಿಡಿಯಿತು. ಆಮೇಲೆ ಮತ್ತೆ ಅಲ್ಲಾಡಿಸಿದ.

"ಆಯ್ತೇನಪ್ಪಾ?"

"ಆಯ್ತು ಅತ್ತಿಗೆ, ಬಂದೆ."

ಗಾಜಿನಂತೆ ತಿಳಿಯಾದ ಒದ್ದೆ ರೀಲನ್ನು ಹೊರತಂದು ಮುಖ ಸಪ್ಪೆ ಮಾಡಿದ. "ಏನೂ ಬಂದಿಲ್ಲ. ಆ ಮದುವೆ ಸಲದ ಹಾಗೇ. ಓಡೇ ಇಲ್ಲ ಇದು."

ಅತ್ತಿಗೆ ರೀಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಚಿತ್ರವಿರಬೇಕಾದ ನಡುವನ್ನು ಅವಳು ನೋಡಲೇ ಇಲ್ಲ. ಬೆರಳು ಅಂಚಿನುದ್ದಕ್ಕೂ ಮೆಲ್ಲಗೆ ಸರಿಯಿತು. "ಆ ಸಲ ಅಂಚಲ್ಲಿ ನಂಬರಾದ್ರೂ ಬಂದಿತ್ತಲ್ಲಪ್ಪ," ಅಂದಳು. "ನೀನೇ ತೋರ್ಸಿದ್ದೆ. ಕಂಪನಿಯವರು ಮೊದ್ಲೇ ಬೆಳಕಲ್ಲಿ ಒತ್ತಿ ಕಳ್ಸಿರ್ತಾರೆ, ಚಿತ್ರ ತೆಗೀದಿದ್ರೂ ಸರಿಯಾಗಿ ತೊಳೆದ್ರೆ ಕಂಡೇ ಕಾಣುತ್ತೆ ಅಂತ." ಅವಳು ರೀಲನ್ನು ಕಿಟಕಿಯ ಸರಳಿಗೆ ನೇತುಹಾಕಿ ಚಪ್ಪಲಿ ಮೆಟ್ಟಿದಳು. "ಅವರು ತೀರಿಕೊಂಡ ವಾರವೇ ಠಾಣೆಗೆ ಈ ಕಾಗದ ಬರೆದಿಟ್ಟಿದ್ದೆ. ನಿನ್ನನ್ನ ಹಾಗೆಲ್ಲ ಅಂದ್ಕೋಬಾರ್ದು ಅಂತ ಇಷ್ಟು ದಿನ ಅಂಚೆಗೆ ಹಾಕ್ಲಿಲ್ಲ." ಏನೂ ಉಳಿಯದ ಆ ರೀಲಿನ ಮೂಲಕ ಅವನಿಗೆ ಎಲ್ಲ ನಿಚ್ಚಳವಾಗಿ ಕಂಡಿತು: ಅತ್ತಿಗೆ ರಸ್ತೆ ದಾಟಿದ್ದು, ಅಂಚೆಡಬ್ಬಿಯ ಮುಚ್ಚಳ ಎತ್ತಿ ಲಕೋಟೆ ಒಳಗೆ ಬಿಟ್ಟದ್ದು. ಮುಚ್ಚಳ ಬಿದ್ದ ಸದ್ದು ಅಷ್ಟು ದೂರದಿಂದಲೂ ಅವನಿಗೆ ಕೇಳಿಸಿತು. ಕ್ಲಿಕ್.