ಮೊರಬದ ಹತ್ತನೇ ಸದಸ್ಯ

"ಸಾಹೇಬ್ರು ಎಲ್ಲದಾರ್ರಿ? ಸ್ವಲ್ಪ ಹೊರಗ ಕರೀರಿ ಅವರನ್ನ."

ಮಹಾದೇವಿ ಟೈಪ್‌ರೈಟರಿನಿಂದ ತಲೆ ಎತ್ತಿದಳು. ಬಾಗಿಲಲ್ಲಿ ಮೂವತ್ತರ ಆಸುಪಾಸಿನ ಎತ್ತರದ ಆಳು. ಚಪ್ಪಲಿಗೆ ಎರಿಮಣ್ಣು ಮೆತ್ತಿತ್ತು, ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಅವನ ಮೊಣಕಾಲಿಗೆ ಒತ್ತಿಕೊಂಡು ತೆಳ್ಳನೆಯ, ಉದ್ದ ಮೂತಿಯ ನಾಯಿಯೊಂದು ನಿಂತಿತ್ತು. ಸಿಟ್ಟು ಮನುಷ್ಯನಿಗೆ ಮಾತ್ರ. ನಾಯಿ ಬಾಲ ಅಲ್ಲಾಡಿಸುತ್ತಿತ್ತು.

"ಯಾವ ಸಾಹೇಬ್ರು?"

"ಎಂ. ಎಂ. ಅಂಗಡಿ ಅಂತ, ನಿಮ್ಮ ಕಾರ್ಯದರ್ಶಿ. ಮೂರು ಸಲ ನಮ್ಮ ಕ್ಲಬ್ಬಿನ ಫಾರ್ಮು ವಾಪಸ್ ಕಳಿಸ್ಯಾರ. ಮೊರಬದಿಂದ ಎರಡು ಬಸ್ ಬದಲಿ ಮಾಡಿ ಬಂದೇನ್ರಿ. ಆ ಮನುಷ್ಯಾ ಜನ್ಮದಾಗ ಒಂದರೆ ನಾಯಿ ಸಾಕ್ಯಾನೋ ಇಲ್ಲೋ, ಮುಖಕ್ಕ ಮುಖ ಕೊಟ್ಟು ಕೇಳಬೇಕು."

"ಕೇಳ್ರಿ. ಮತ್ತೇನೇನು ಕೇಳೂದೈತಿ?"

"ಕುರ್ಚಿಮ್ಯಾಗ ಕುಂತು ಕೆಂಪು ಶಾಯಿಲೆ ಗೆರಿ ಹೊಡಿಯೂದು ಬಿಟ್ರ ಅಂವಗ ಬ್ಯಾರೆ ಕೆಲಸರೆ..."

ಅಷ್ಟರಲ್ಲಿ ಅವನ ಕಣ್ಣು ಅವಳ ಬೆರಳುಗಳ ನಡುವಿನ ಕೆಂಪು ಪೆನ್ನಿಗೆ ಹೋಯಿತು. ಅಲ್ಲಿಂದ ಮೇಜಿನ ಮೇಲಿನ ರಬ್ಬರ್ ಮುದ್ರೆಗೆ. ಅಲ್ಲಿಂದ ನಿಧಾನವಾಗಿ ಅವಳ ಮುಖಕ್ಕೆ.

"ಮಹಾದೇವಿ ಮಡಿವಾಳೆಪ್ಪ ಅಂಗಡಿ," ಎಂದಳು ಅವಳು. "ಕುಂಡ್ರಿ."

ಅವನು ಕುಂತ. ಕಿವಿ ಮಾತ್ರ ಕೆಂಪಗಾಗಿದ್ದವು. ಮಹಾದೇವಿ ಅವನ ಕೈಯ ಸುರುಳಿ ಬಿಡಿಸಿ ಓದಿದಳು.

"ಕ್ಲಬ್ಬಿಗೆ ಹತ್ತು ಸದಸ್ಯರು ಬೇಕು. ಹತ್ತನೇದವರು ಅಂತ ನೀವು ಬರದೀರಿ: ಮೋತಿ, ವಯಸ್ಸು ನಾಲ್ಕು, ಉದ್ಯೋಗ ಹೊಲ ಕಾಯುವುದು. ಯಾರ್ರಿ ಈ ಮೋತಿ?"

ಹೆಸರು ಕೇಳಿದ ನಾಯಿ ಕಿವಿ ನಿಮಿರಿಸಿ ಮೇಜಿನ ಹತ್ತಿರ ಬಂತು. ಅವಳು ನಗು ತಡೆಯಲು ನೋಡಿದಳು, ಆಗಲಿಲ್ಲ. ಅವನೂ ನಕ್ಕ. ನಕ್ಕಾಗ ಆ ಮುಖ ಬೇರೆಯೇ ಆಗುತ್ತದೆಂಬುದನ್ನು ಅವಳು ಕಂಡಳು, ಕಂಡದ್ದಕ್ಕೆ ತಾನೇ ಕಣ್ಣು ಕೆಳಗಿಳಿಸಿದಳು.

ಅವನ ಹೆಸರು ಹೊಳೆಪ್ಪ. ಮೊರಬದಲ್ಲಿ ಇಪ್ಪತ್ತು ಎಕರೆ ಎರಿಹೊಲ, ಮನೆಯಲ್ಲಿ ತಾಯಿ ಕಸ್ತೂರೆವ್ವ, ತಲೆ ತುಂಬ ನಾಯಿ.

ಅದು ಎಂಬತ್ತಾರನೆಯ ಇಸವಿಯ ಅಕ್ಟೋಬರ್. ಅಣ್ಣಿಗೇರಿಯ ಆ ಎರಡು ಕೋಣೆಗಳ ಮೇಲೆ 'ಅಖಿಲ ಭಾರತ ಶ್ವಾನಪಾಲಕರ ಮಹಾಸಂಘ' ಎಂಬ ಬೋರ್ಡು ಇತ್ತು. ದನದ ಡಾಕ್ಟರಾಗಿ ರಿಟೈರಾದ ತಿರಕಪ್ಪನವರು ನಮ್ಮ ನೆಲದ ನಾಯಿತಳಿಗಳು ಉಳಿಯಲೆಂದು ಅದನ್ನು ಶುರು ಮಾಡಿದ್ದರು. ಈಗ ಜೋಧಪುರದಿಂದ ತಿರುನೆಲ್ವೇಲಿಯ ತನಕ ಇಪ್ಪತ್ಮೂರು ಕ್ಲಬ್ಬುಗಳು, ಎರಡು ಸಾವಿರಕ್ಕೂ ಹೆಚ್ಚು ಸದಸ್ಯರು. ತಿರಕಪ್ಪನವರು ಅಧ್ಯಕ್ಷರು. ನಡೆಸುವವಳು ಮಹಾದೇವಿ. ಯಾವ ನಾಯಿಗೆ ಯಾವ ಮರಿ ಹುಟ್ಟಿತು ಎಂಬ ನೋಂದಣಿ, ಸದಸ್ಯರ ಕಾರ್ಡು, ಸೈಕ್ಲೋಸ್ಟೈಲ್ ಮಾಡಿ ಕಳಿಸುವ ಪತ್ರಿಕೆ, "ನಮ್ಮ ನಾಯಿ ಮೂರು ದಿನದಿಂದ ಉಂಡಿಲ್ಲ" ಎಂಬ ಪತ್ರಗಳಿಗೆ ಉತ್ತರ, ಎಲ್ಲವೂ ಅವಳ ಕೈಯಿಂದಲೇ.

ಇಪ್ಪತ್ತೊಂದಕ್ಕೆ ಬಂದು ಕುಂತವಳಿಗೆ ಈಗ ಇಪ್ಪತ್ತೆಂಟು. ನಡುವೆ ಎರಡು ಸಂಬಂಧಗಳು ಬಂದಿದ್ದವು. "ಲಗ್ನ ಆದಮ್ಯಾಗ ಈ ನಾಯಿ ಉಸಾಬರಿ ಬಿಡಬೇಕು" ಎಂದರು ಇಬ್ಬರೂ. ಅವಳು ಅವರಿಬ್ಬರನ್ನು ಬಿಟ್ಟಳು.

ಆಮೇಲೆ ಹೊಳೆಪ್ಪ ವಾರಕ್ಕೊಮ್ಮೆ ಬರತೊಡಗಿದ. ಒಂದು ಸಲ ಮರಿಯ ಹುಟ್ಟಿದ ದಿನ ಅಮಾಸಿ ಲೆಕ್ಕದಲ್ಲಿ ಗೊತ್ತಿದ್ದರೆ ನಡೆಯುತ್ತದೆಯೇ ಎಂದು ಕೇಳಲು. ಇನ್ನೊಂದು ಸಲ ಬಾಲದ ಉದ್ದ ಎಲ್ಲಿಂದ ಅಳೆಯಬೇಕೆಂದು. ಪ್ರತಿ ಸಲವೂ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯ ಪೊಟ್ಟಣ. ಎಣ್ಣೆ ತಾಗದಂತೆ ಅವಳು ರಜಿಸ್ಟರನ್ನು ಆಚೆ ಸರಿಸುವಾಗ ಅವನು ಅವಳ ಬಳೆಗಳನ್ನೇ ನೋಡುತ್ತಿದ್ದ. ಅವಳು ನೋಡಿದರೆ ಕ್ಯಾಲೆಂಡರು ನೋಡುತ್ತಿದ್ದ.

"ಎಲ್ಲಾರೂ ನನ್ನ ಮಹಾದೇವಕ್ಕ ಅಂತಾರ," ಎಂದಳು ಒಂದು ದಿನ. "ನೀವೊಬ್ಬರ ಇನ್ನೂ ಸಾಹೇಬ್ರ ಅಂತೀರಿ."

"ನಾ ಅನ್ನಂಗಿಲ್ರಿ."

"ಯಾಕ?"

"ಅಕ್ಕ ಅನ್ನಾಕ ಬಾಯಿ ಬರವಲ್ದು." ಹೇಳಿದವನೇ ಭಜಿಯನ್ನು ಬಾಯಿಗೆ ತುಂಬಿಕೊಂಡ. ಮೆಣಸಿನಕಾಯಿ ಖಾರವಿತ್ತೋ ಏನೋ, ಅವನ ಕಣ್ಣಲ್ಲಿ ನೀರು ಬಂತು. ಅವಳು ನೀರಿನ ಲೋಟ ಮುಂದಿಟ್ಟಳು. ಅವತ್ತು ಟೈಪ್ ಮಾಡಿದ ಮೂರು ಪತ್ರಗಳಲ್ಲೂ ತಪ್ಪುಗಳಿದ್ದವು.

ಅವೇ ದಿನಗಳಲ್ಲಿ ಪುಣೆಯಿಂದ ಒಂದು ಠರಾವು ಬಂತು. ಮಹಾಸಂಘದ ಆಫೀಸು ಪುಣೆಗೆ ಬರಬೇಕು, ಅಲ್ಲಿ ಫೋನಿದೆ, ಪ್ರೆಸ್ಸಿದೆ, ಎಲ್ಲ ದಿಕ್ಕಿಗೂ ರೈಲಿದೆ ಎಂದು ಅಲ್ಲಿನ ಕ್ಲಬ್ಬಿನ ಮುಖ್ಯಸ್ಥ ಮೇಜರ್ ಜಾಧವ ಬರೆದಿದ್ದರು. ಡಿಸೆಂಬರ್ ಹದಿನಾಲ್ಕರ ವಾರ್ಷಿಕ ಸಭೆಯಲ್ಲಿ ಮತಕ್ಕೆ ಬೀಳುವುದಿತ್ತು. ಕ್ಲಬ್ಬಿಗೊಂದು ಮತ, ಸಮ ಬಿದ್ದರೆ ಅಧ್ಯಕ್ಷರದ್ದು ಕೊನೆಯ ಮತ. ಆದರೆ ಸಭೆಗೆ ಮೂವತ್ತು ದಿನ ಮೊದಲೇ ಸೇರಿದ ಕ್ಲಬ್ಬಿಗೆ ಮಾತ್ರ ಮತದ ಹಕ್ಕು.

"ನವೆಂಬರ್ ಹದಿನಾಲ್ಕರೊಳಗ ಹತ್ತನೇ ಸದಸ್ಯರನ್ನ ತರ್ತೇನಿ," ಎಂದ ಹೊಳೆಪ್ಪ. "ನಮ್ಮ ವೋಟು ನಿಮಗ."

ಮೊರಬದಲ್ಲಿ ಮೋತಿಯ ತಳಿಯ ನಾಯಿ ಇದ್ದ ಹತ್ತನೆಯ ಮನೆ ಒಂದೇ, ಆಡು ಕಾಯುವ ಹಸನಬಿಯದು. ಹೆಸರು ಬರೆಸಿದರೆ ಸರ್ಕಾರದವರು ಬಂದು ನಾಯಿ ಒಯ್ಯುತ್ತಾರೆಂದು ಮುದುಕಿ ಹೆಬ್ಬೆಟ್ಟು ಒತ್ತಲು ಒಲ್ಲೆ ಅಂದಳು. ಅವನು ದಿನಾ ಹೋಗಿ ಅವಳ ಆಡುಗಳ ಹಿಂದೆ ಅಡ್ಡಾಡಿದ. ಕೊನೆಗೆ ಮುದುಕಿ ಒಪ್ಪಿದಾಗ ನವೆಂಬರ್ ಹದಿನಾರು.

ಮರುದಿನ ಓಡೋಡಿ ಬಂದು ಫಾರ್ಮನ್ನು ಮೇಜಿನ ಮೇಲಿಟ್ಟ. ಮಹಾದೇವಿ ಹೆಬ್ಬೆಟ್ಟಿನ ಗುರುತು ನೋಡಿದಳು, ಆಮೇಲೆ ಕ್ಯಾಲೆಂಡರು.

"ಕ್ಲಬ್ಬು ಸೇರ್ತು. ಆದರ ಈ ವರ್ಷ ಮತ ಇಲ್ರಿ."

"ಮೂರು ದಿನದ ಮಾತದು. ಹದಿನಾಲ್ಕು ಅಂತ ಮುದ್ರಿ ಹೊಡದ್ರ ಯಾರಿಗೆ ತಿಳೀತೈತಿ?"

"ನನಗ ತಿಳೀತೈತಿ."

"ನಿಮ್ಮ ಕುರ್ಚಿ ಹೋಗ್ತೈತ್ರಿ!"

"ನನ್ನ ಕುರ್ಚಿ ಮಾತು ಅಂತನ ಒಲ್ಲೆ ಅಂತೇನಿ. ನಾಳೆ ಮರಿ ಹುಟ್ಟಿದ ತಾರೀಖು ಸುಳ್ಳು ಬರದವರಿಗೆ ನಾ ಯಾವ ಬಾಯಿಲೆ ಬುದ್ಧಿ ಹೇಳ್ಲಿ?"

ಅವನು ಅವಳನ್ನು ಒಂದು ಗಳಿಗೆ ನೋಡಿದ. ಮೋತಿಯ ಕೊರಳಪಟ್ಟಿ ಹಿಡಿದು ಹೊರಟ. ನಾಯಿ ಮಾತ್ರ ಎರಡು ಸಲ ಹಿಂತಿರುಗಿ ನೋಡಿತು.

ಮಹಾದೇವಿ ಹದಿನೇಳು ಎಂದೇ ಮುದ್ರೆ ಒತ್ತಿದಳು. ಒತ್ತಿದ ಮೇಲೆ ಬಹಳ ಹೊತ್ತು ಕೈ ಅಲ್ಲೇ ಇತ್ತು.

ನಾಲ್ಕು ವಾರ ಅವನು ಬರಲಿಲ್ಲ. ಹನ್ನೊಂದರ ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಅವಳ ಬೆರಳು ಟೈಪ್‌ರೈಟರಿನ ಮೇಲೆ ನಿಲ್ಲುತ್ತಿದ್ದವು. ಮೊರಬದ ಹತ್ತಿರದ ನವಲಗುಂದ ಕಡೆಯವರು ಯಾರಾದರೂ ಬಂದರೆ ಮಳೆ ಬೆಳೆ ವಿಚಾರಿಸುತ್ತಿದ್ದಳು. ಕೇಳಬೇಕಾದದ್ದನ್ನು ಮಾತ್ರ ಕೇಳುತ್ತಿರಲಿಲ್ಲ. ಮನೆಯಲ್ಲಿ ಅಪ್ಪ ಮಡಿವಾಳೆಪ್ಪ, "ಏನವ್ವಾ, ಊಟ ಸೇರವಲ್ದೇನು?" ಎಂದರೆ "ಸಭೆ ಕೆಲಸ ಭಾಳ ಐತಪ್ಪಾ" ಎನ್ನುತ್ತಿದ್ದಳು.

ಸಭೆಯ ದಿನ ಬೆಳಿಗ್ಗೆ ಶಾಲೆಯ ಹಾಲಿಗೆ ಹೋದರೆ ಕುರ್ಚಿಗಳೆಲ್ಲ ಆಗಲೇ ಸಾಲಾಗಿದ್ದವು. ಮೂಲೆಯಲ್ಲಿ ಹೊಳೆಪ್ಪ ಹಂಡೆಗೆ ನೀರು ತುಂಬುತ್ತಿದ್ದ.

"ವೋಟಿಲ್ಲ, ಖರೆ. ಕುರ್ಚಿ ಹೊರಾಕ ಯಾವ ರೂಲೂ ಅಡ್ಡಿಲ್ಲಲ್ಲ?" ಎಂದ, ಅವಳ ಮುಖ ನೋಡದೆ.

"ಇಲ್ರಿ," ಎಂದಳು ಮಹಾದೇವಿ. ನಾಲ್ಕು ವಾರದ ಭಾರ ಆ ಒಂದು ಮಾತಿನಲ್ಲಿ ಇಳಿದುಹೋಯಿತು.

ಮತವಿದ್ದವರಲ್ಲಿ ಬಂದದ್ದು ಹತ್ತೊಂಬತ್ತು ಕ್ಲಬ್ಬು. ಮೇಜರ್ ಚೊಕ್ಕಟವಾಗಿ ಮಾತಾಡಿದರು, ಯಾರನ್ನೂ ಹೀಯಾಳಿಸಲಿಲ್ಲ. ಮಹಾದೇವಿ ವರ್ಷದ ವರದಿ ಓದಿದಳು, ತನ್ನ ಪರವಾಗಿ ಏನೂ ಹೇಳಿಕೊಳ್ಳಲಿಲ್ಲ. ಕೈಗಳು ಎದ್ದವು. ಪುಣೆಗೆ ಹತ್ತು, ಅಣ್ಣಿಗೇರಿಗೆ ಒಂಬತ್ತು.

ತಿರಕಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಮಹಾದೇವಿ ಫಲಿತಾಂಶವನ್ನು ಠರಾವಿನ ಪುಸ್ತಕದಲ್ಲಿ ದುಂಡಗೆ ಬರೆದು, ಆಫೀಸಿನ ಕೀಲಿಕೈಯನ್ನು ಮೇಜಿನ ಮೇಲಿಟ್ಟು, ಹಿಂದಿನ ಪಡಸಾಲೆಗೆ ಬಂದು ನಿಂತಳು. ಅಲ್ಲಿ ಕಣ್ಣು ತುಂಬಿದವು.

ಹೊಳೆಪ್ಪ ಬಂದು ಮಾರು ದೂರದಲ್ಲಿ ನಿಂತ.

"ಆ ಒಂದು ವೋಟು ನಂದಿತ್ತು."

"ಹೌದ್ರಿ."

"ಅವತ್ತ ಸಿಟ್ಟಿಲೆ ಹೋದೆ. ಹಾದಿ ತುಂಬ ನಿಮ್ಮನ್ನ ಬೈಕೋಂತ ಹೋದೆ. ಮನಿ ಮುಟ್ಟಿದಮ್ಯಾಗ ಅವ್ವಗ ಹೇಳ್ದೆ, ಇಂಥಾ ಮನುಷ್ಯಾರನ್ನ ನಾ ನೋಡೇ ಇಲ್ಲ ಅಂತ. ಆಮ್ಯಾಲೆ ಯಾವ ಮಾರಿ ಹೊತ್ಕೊಂಡು ಬರ್ಲಿ ಅಂತ ತಿಳೀಲಿಲ್ಲ."

"ಈಗ ಸಿಟ್ಟಿಲ್ಲೇನು?"

"ಈಗ ಇರೂದು ಸಿಟ್ಟಲ್ರಿ."

ಅವಳು ತಲೆ ಎತ್ತಿದಳು. ಇನ್ನೇನು ಕೇಳಬೇಕು, ಅಷ್ಟರಲ್ಲಿ ಮೇಜರ್ ಜಾಧವ ಬಂದರು. ಬೆಳಗಾವಿಯಲ್ಲಿ ಬಹಳ ವರ್ಷ ಇದ್ದವರು, ಕನ್ನಡ ಚೆನ್ನಾಗಿ ಬರುತ್ತಿತ್ತು.

"ತಿರಕಪ್ಪ ಡಾಕ್ಟರು ಹೇಳಿದ್ರು, ಮಹಾದೇವಿಬಾಯಿ. ಒಂದು ತಾರೀಖು ತಿದ್ದಿದ್ರ ನಾ ಸೋಲ್ತಿದ್ದೆ ಅಂತ. ಆಫೀಸು ಗೆದ್ದೇನಿ. ಆದರ ನೋಂದಣಿ ಪುಸ್ತಕ ನಿಮ್ಮ ಕೈಯಾಗ ಇರ್ಲಿ. ದೇಶದಾಗ ಎಲ್ಲಿ ಮರಿ ಹುಟ್ಟಿದ್ರೂ ಇಲ್ಲೇ ಬರೀರಿ. ನಾನ ಮಂಡಿಸ್ತೇನಿ, ಯಾರೂ ಇಲ್ಲ ಅನ್ನೂದಿಲ್ಲ."

ಮಹಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಂದು ಶರ್ತು ಐತ್ರಿ. ಹೆಬ್ಬೆಟ್ಟು ಒತ್ತಿದ ಫಾರ್ಮು ಇಂಗ್ಲಿಷಿನಾಗ ಇಲ್ಲ ಅಂತ ಪುಣೆದವರು ತಿರುಗಿ ಕಳಿಸಬಾರದು."

"ಕಬೂಲ್," ಎಂದರು ಮೇಜರ್. ಸಂಜೆಯೊಳಗೆ ಸಭೆಯೂ ಒಪ್ಪಿತು.

ಜನವರಿಯಲ್ಲಿ ಮೊರಬದ ನಾಯಿಗಳನ್ನು ಕಣ್ಣಾರೆ ನೋಡಿ ಬರೆದುಕೊಳ್ಳಲು ಅವಳು ತಿರಕಪ್ಪನವರ ಜೊತೆ ಹೋದಳು. ಕಸ್ತೂರೆವ್ವ ಕಟ್ಟೆಯ ಮೇಲೆ ಕುಂಡ್ರಿಸಿ ರೊಟ್ಟಿ, ಬದನೀಕಾಯಿ ಪಲ್ಯ ಬಡಿಸಿದಳು. ಬಡಿಸುತ್ತಲೇ ಅವಳನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಉಂಡು ತಿರಕಪ್ಪನವರು ನೆರಳಿಗೆ ಅಡ್ಡಾದರು. ಹಸನಬಿಯ ನಾಯಿ ನೋಡಲು ಹೊಳೆಪ್ಪ, ಮಹಾದೇವಿ ಇಬ್ಬರೇ ಹೊಲದ ಕಡೆ ನಡೆದರು.

ಹಸನಬಿ ಅವಳನ್ನು ಕಂಡವಳೇ ಕೋಲು ಊರಿ ನಿಂತಳು. "ಇವರ ಏನೋ ಹೊಳೆಪ್ಪಾ? ಆಡಿನ ಬೆನ್ನ ಹತ್ತಿ ದಿನಾ ಹೇಳಿದ್ದೆಲ್ಲಾ ಇವರ ಮಾತ ಏನು? ನಾಯಿ ಮಾತು ಒಂದು, ಇವರ ಮಾತು ಹತ್ತು ಆಡ್ತಿದ್ದಿ ನೋಡು!"

ಹೊಳೆಪ್ಪ ಆಡು ಎಣಿಸುವವನಂತೆ ಆಚೆ ತಿರುಗಿದ. ಮಹಾದೇವಿ ತಲೆ ತಗ್ಗಿಸಿ ನಾಯಿಯ ಬಣ್ಣ, ಎತ್ತರ ಬರೆದುಕೊಂಡಳು. ಅಕ್ಷರಗಳು ನೆಟ್ಟಗೆ ಬರಲಿಲ್ಲ.

ತಿರುಗಿ ಬರುವಾಗ ಕಡಲೆ ಹೊಲದ ಬದುವಿನಲ್ಲಿ ಅವನು ನಿಂತ. ಹಸಿ ಕಡಲೆಯ ಗಿಡ ಕಿತ್ತು ಅವಳಿಗೆ ಕೊಟ್ಟ. ಬಿಸಿಲು ಹಿತವಾಗಿತ್ತು, ದೂರದಲ್ಲಿ ಯಾರದೋ ಟ್ರ್ಯಾಕ್ಟರ್ ಸದ್ದು.

"ಒಂದು ಕೇಳ್ಲೇನ್ರಿ?" ಎಂದ. "ನಿಮ್ಮ ಅಪ್ಪಾರ ಕಡೆ ಅವ್ವನ್ನ ಕರಕೊಂಡು ಬರೂದಕ್ಕಿಂತ ಮೊದಲ ನಿಮ್ಮನ್ನ ಕೇಳಬೇಕು. ಪುಸ್ತಕ ಬಿಡ್ರಿ ಅನ್ನಂಗಿಲ್ಲ ನಾನು. ನಮ್ಮ ಪಡಸಾಲ್ಯಾಗ ಗಾಳಿ ಬೆಳಕು ಛಲೋ ಐತಿ, ಟೈಪ್‌ರೈಟರು ಅಲ್ಲೇ ಇಡೂಣು. ಇಲ್ಲಾ ಅಣ್ಣಿಗೇರಿನ ಬೇಕಂದ್ರ ನಾನ ಬಸ್ಸಿಗೆ ಓಡ್ಯಾಡ್ತೇನಿ. ರೂಢಿ ಆಗೇತಿ."

ಮಹಾದೇವಿ ಕಡಲೆಯ ಸಿಪ್ಪೆ ಸುಲಿಯುತ್ತ ನಿಂತಳು. ಒಂದು ಕಾಳು, ಎರಡು ಕಾಳು. ಮೋತಿ ಬಂದು ಅವಳ ಚಪ್ಪಲಿಯ ಮೇಲೆ ಗದ್ದ ಊರಿ ಮಲಗಿತು.

"ಮೊದಲ ಒಂದು ಬಿಡಬೇಕು ನೀವು," ಎಂದಳು.

ಅವನ ಮುಖ ಬಾಡಿತು. "ಏನ್ರಿ?"

"ಅದನ್ನ. ಮಾತಿಗೊಮ್ಮೆ ನನಗ 'ರಿ' ಹಚ್ಚೂದು ಬಿಡ್ರಿ. ಲಗ್ನ ಆಗೋ ಹುಡುಗಿಗೆ ಯಾರರೆ ಹಂಗ ಕರೀತಾರೇನು?"

ಅವನಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಆಮೇಲೆ ಆ ಎತ್ತರದ ಆಳು ಎಲ್ಲಿ ಕೈ ಇಟ್ಟುಕೊಳ್ಳಬೇಕೆಂದು ತಿಳಿಯದೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಕ್ಕ. ಗಂಟಲು ಸರಿಮಾಡಿಕೊಂಡು ಕೈ ಚಾಚಿದ.

"ಮಹಾದೇವಿ... ಬಾ..." ಅರ್ಧಕ್ಕೇ ಎಡವಿದ, "...ರ್ರಿ."

ಅವಳ ನಗುವಿಗೆ ಕಡಲೆ ಹೊಲದೊಳಗಿನ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ನಗುತ್ತಲೇ ಅವಳು ಸುಲಿದ ಕಾಳುಗಳನ್ನು ಅವನ ಚಾಚಿದ ಅಂಗೈಗೆ ಸುರಿದಳು, ಮತ್ತು ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.