ಹೂವಿನ ಗೋದಾಮಿನ ಐದು ಕಾರ್ಡು

"ಇಂಚರಾ, ಕಂಪ್ಯೂಟರ್‌ಗಳ ಮೇಲಿದ್ದ ಸ್ಟಿಕ್ಕರ್‌ಗಳು ಎಲ್ಲೇ?"

ಇಂಚರಾ ನೋಟ್‌ಬುಕ್ಕನ್ನು ಬೆನ್ನ ಹಿಂದೆ ಅಡಗಿಸಿದಳು.

ಅಂದು ಶನಿವಾರ. ಮ್ಯಾಂಚೆಸ್ಟರ್‌ನ ವಿದನ್‌ಶಾದಲ್ಲಿರುವ ಹೂವಿನ ಗೋದಾಮಿನಲ್ಲಿ ಅವಳ ಅಮ್ಮ ಭಾವನಾ ಹಳೆಯ ಕಂಪ್ಯೂಟರ್‌ಗಳನ್ನು ತೆಗೆದು ಐದು ಹೊಸವನ್ನು ಕೂರಿಸುತ್ತಿದ್ದಳು. ಅಪ್ಪನಿಗೆ ಆಸ್ಪತ್ರೆಯಲ್ಲಿ ಶಿಫ್ಟ್. ಹಾಗಾಗಿ ಇಂಚರಾಳೂ ಬಂದಿದ್ದಳು. ನಾಲ್ಕು ಗಂಟೆಗೆ ಲಾರಿಗಳು ಬರುತ್ತವೆ. ಅಷ್ಟರಲ್ಲಿ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡದಿದ್ದರೆ, ಯಾವ ಹೂವು ಯಾವ ಊರಿಗೆ ಎಂದು ಯಾರಿಗೂ ತಿಳಿಯುವುದಿಲ್ಲ.

"ಸಾರಿ ಅಮ್ಮ. ಐ ಕಟ್ ದೆಮ್ ಅಪ್." ಇಂಚರಾ ನೋಟ್‌ಬುಕ್ ತೋರಿಸಿದಳು. ರಟ್ಟಿನ ಮೇಲೆ, ಸ್ಟಿಕ್ಕರ್‌ಗಳನ್ನು ಕತ್ತರಿಸಿ ಅಂಟಿಸಿದ ಹಳದಿ ಎಸಳುಗಳ ಒಂದು ಹೂವು.

"ಅಯ್ಯೋ! ಕಾರ್ಡ್ ನಂಬರ್‌ಗಳನ್ನೆಲ್ಲಾ ಅವುಗಳಲ್ಲೇ ಬರೆದಿದ್ದೆನಲ್ಲೇ!"

ಇಂಚರಾಳ ಕಣ್ಣು ತುಂಬಿತು. ಅಮ್ಮ ಗಡಿಯಾರ ನೋಡಿದಳು. ಸ್ಕ್ರೂಡ್ರೈವರ್ ಎತ್ತಿಕೊಂಡಳು. "ಅಳೋಕೆ ಟೈಮ್ ಇಲ್ಲ. ಬಾ ಇಲ್ಲಿ."

ಕಂಪ್ಯೂಟರ್ ಆಫ್ ಮಾಡಿ, ಮುಚ್ಚಳ ಬಿಚ್ಚಿ, ಅಂಗೈಯಗಲದ ಹಸಿರು ಕಾರ್ಡೊಂದನ್ನು ತೋರಿಸಿದಳು. "ಇದು ನೆಟ್‌ವರ್ಕ್ ಕಾರ್ಡ್. ಕಂಪ್ಯೂಟರ್ ಬೇರೆಯವುಗಳ ಜೊತೆ ಮಾತಾಡೋದು ಇದರಿಂದ. ಮೂಲೇಲಿ ಸಣ್ಣಕ್ಕೆ ಅಂಕಿ, ಅಕ್ಷರ ಎರಡೂ ಸೇರಿದ ನಂಬರ್ ಇದೆ ನೋಡು. ಅದು ಪಟ್ಟಿಯಲ್ಲಿ ಇದ್ರೆ ಮಾತ್ರ ನಮ್ಮ ನೆಟ್‌ವರ್ಕ್ ಒಳಗೆ ಬಿಡುತ್ತೆ."

"ಎಲ್ಲಾದಕ್ಕೂ ಸೇಮ್ ನಂಬರಾ?"

"ಇಲ್ಲ ಪುಟ್ಟಿ. ಪ್ರಪಂಚದಲ್ಲಿ ಕೋಟಿಗಟ್ಟಲೆ ಕಾರ್ಡ್ ಇವೆ. ಇದರ ನಂಬರ್ ಇದಕ್ಕೆ ಮಾತ್ರ."

ಕೋಟಿಗಟ್ಟಲೆ! ಇಂಚರಾ ಬಾಯಿ ಮುಚ್ಚುವುದನ್ನೇ ಮರೆತಳು.

ಟಾರ್ಚ್ ಹಿಡಿದು ಅವಳು ಇರುವೆಯಂಥ ಅಕ್ಷರಗಳನ್ನು ಓದುತ್ತಾ ಹೋದಳು. ಅಮ್ಮ ಅವನ್ನು ಪಟ್ಟಿಗೆ ಟೈಪ್ ಮಾಡಿದಳು. ಒಂದಾದ ಮೇಲೊಂದು ನಾಲ್ಕು ಪರದೆಗಳಲ್ಲಿ ಹೂವಿನ ಹೆಸರುಗಳು ಮೂಡಿದವು. ಐದನೆಯದು ಖಾಲಿ.

ಹೊರಗೆ ಮೊದಲ ಲಾರಿಯ ಹಾರ್ನ್ ಕೇಳಿಸಿತು.

"ನಂಬರ್ ಸರಿಯಾಗೇ ಓದಿದ್ಯಾ?"

ಐದನೆಯದರ ಮುಚ್ಚಳ ಇನ್ನೂ ಹಾಕಿರಲಿಲ್ಲ. ಇಂಚರಾ ಮಂಡಿಯೂರಿ, ಕಣ್ಣು ಕಿರಿದು ಮಾಡಿ ನೋಡಿದಳು. "ಅಮ್ಮ! ನಾನು ಎಯ್ಟ್ ಅಂದ್ನಲ್ಲಾ, ಅದು ಎಯ್ಟ್ ಅಲ್ಲ. ಬಿ!"

ಅಮ್ಮ ತಿದ್ದಿದಳು. ಐದನೇ ಪರದೆ ಬೆಳಗಿತು. ದೂರದ ಬಾಗಿಲ ಬಳಿ, ಯಾರೂ ಮುಟ್ಟದ ಪ್ರಿಂಟರ್ ಗುರ್ರೆಂದಿತು. ಚೀಟಿಗಳು ಸಾಲಾಗಿ ಹೊರಬಂದವು. ಲಿಲ್ಲಿ, ಲೀಡ್ಸ್‌ಗೆ. ಗುಲಾಬಿ, ನಾಟಿಂಗ್‌ಹ್ಯಾಮ್‌ಗೆ.

ಅಮ್ಮ ಮುಚ್ಚಳ ಕೈಗೆತ್ತಿಕೊಂಡಾಗ ಇಂಚರಾ, "ಒಂದೇ ನಿಮಿಷ" ಎಂದಳು. ಒಂದು ಅಕ್ಷರ ತಪ್ಪಿದ್ದಕ್ಕೆ ಇದೊಂದೇ ಹೊರಗೆ ನಿಂತಿತ್ತಲ್ಲ! ಅವಳು ಬಗ್ಗಿ, ಕಾರ್ಡನ್ನು ಮುಟ್ಟದೆ, ಅದರ ನಂಬರನ್ನು ಮೊದಲಿನಿಂದ ಕೊನೆಯವರೆಗೆ ಮೆಲ್ಲಗೆ ಹೇಳಿದಳು. ಹೆಸರು ಹಿಡಿದು ಕರೆದ ಹಾಗೆ.