ವರದಿ ಬರುವ ಮೊದಲು

ಮಂದಾಕಿನಿ ಹೂಂ ಅನ್ನಲು ಹೋದ ದಿನವೇ ಗುರುಸಿದ್ದಪ್ಪ ತಾನು ಕೇಳಿದ್ದನ್ನು ವಾಪಸ್ ತೆಗೆದುಕೊಂಡ.

ಇಬ್ಬರೂ ಬೇಗಂಪೇಟೆಯ ಒಂದೇ ವಿಮಾ ಆಫೀಸಿನವರು. ಆತನ ಹೆಂಡತಿ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಐವತ್ತರ ಹತ್ತಿರದ ಮಂದಾಕಿನಿ ಮದುವೆಯ ಗೋಜಿಗೇ ಹೋದವಳಲ್ಲ. ದೀಪಾವಳಿಯ ನಂತರ ಕ್ಯಾಂಟೀನಿನಲ್ಲಿ, ಚಹಾದ ಕಪ್ಪನ್ನೇ ನೋಡುತ್ತ, ಆತ ಮದುವೆಯ ಮಾತೆತ್ತಿದ್ದ. ಆಕೆ ಯೋಚಿಸಲು ಸಮಯ ಕೇಳಿದ್ದಳು. ಅಷ್ಟರಲ್ಲಿ ಆತನ ದನಿ ಒಡೆಯಿತು, ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಗಂಟಲಿನ ಕ್ಯಾನ್ಸರ್, ಮುಂದುವರಿದಿದೆ ಎಂದರು ಡಾಕ್ಟರು. ಆಪರೇಷನ್ ಮಾಡಿದರೆ ಧ್ವನಿಪೆಟ್ಟಿಗೆಯೇ ಹೋಗುತ್ತದೆಂದು ಕೀಮೋ, ರೇಡಿಯೇಷನ್ ಎರಡನ್ನೂ ಒಟ್ಟಿಗೆ ಕೊಡಲು ನಿರ್ಧರಿಸಿದರು.

"ಈಗ ನೀವು ಹೂಂ ಅನ್ನೂದು ಕರುಣಾದಿಂದ. ನನಗದು ಬ್ಯಾಡ್ರಿ," ಎಂದ ಆತ.

ಆಕೆ ವಾದಿಸಲಿಲ್ಲ. ಆಸ್ಪತ್ರೆಗೆ ಜೊತೆಗೆ ಬರಲು ಅಡ್ಡಿಯಿಲ್ಲವಲ್ಲ ಎಂದಷ್ಟೇ ಕೇಳಿದಳು.

ರೇಡಿಯೇಷನ್ ಕೊಡುವಾಗ ಅಲುಗಾಡದಂತೆ ಆತನ ಮುಖಕ್ಕೆ ಬಲೆಯಂಥ ಮಾಸ್ಕ್ ಬಿಗಿಯುತ್ತಿದ್ದರು. ಹೊರಬಂದಾಗ ಕೆನ್ನೆಯ ತುಂಬ ಅದರ ಗುರುತು. ಆಕೆ ಓರೆಗಣ್ಣಿನಿಂದ ನೋಡುವುದನ್ನು ಆತ ಹಿಡಿದುಬಿಡುತ್ತಿದ್ದ.

"ಏನ್ ನೋಡಾಕತ್ತೀರಿ?"

"ಡಿಸೈನ್ ಛಂದ ಬಂದೈತ್ರಿ."

ವಾರಗಳು ಕಳೆದಂತೆ ಬಾಯಿ ತುಂಬ ಹುಣ್ಣಾಯಿತು, ರುಚಿ ಸತ್ತಿತು, ಗುಟುಕು ನೀರೂ ಇಳಿಯದಾಯಿತು. ಮೂಗಿನಲ್ಲಿ ನಳಿಗೆ ಇಳಿಸಿದರು. ಒಂದು ಮಧ್ಯಾಹ್ನ ಮಣಿಕೊಂಡದ ಆತನ ಫ್ಲಾಟಿನಲ್ಲಿ ನಳಿಗೆಗೆ ಹಾಕಲು ಆಕೆ ಗಂಜಿ ಸೋಸಿ ತಂದಾಗ ಆತ ಬಟ್ಟಲನ್ನು ತಳ್ಳಿಬಿಟ್ಟ. ಯಾರು ಕರೆದಿದ್ದರು ನಿಮ್ಮನ್ನು ಎಂದ. ಮೈಯೆಲ್ಲ ಗಂಜಿಯಾದ ಮಂದಾಕಿನಿ, ನಿಮ್ಮ ಬಾಯಿ ಕೆಟ್ಟಿದೆ ಅಂತ ಬುದ್ಧಿಯೂ ಕೆಡಬೇಕಿಲ್ಲ ಎಂದು ಹೇಳಿ ಹೊರಟೇಹೋದಳು. ಮರುದಿನವೂ ಬರಲಿಲ್ಲ. ಬೀದರಿನಿಂದ ಬಂದಿದ್ದ ಆತನ ಅಕ್ಕ ಜಯಮ್ಮನೇ ಆಸ್ಪತ್ರೆಗೆ ಕರೆದೊಯ್ದಳು.

ಆಮೇಲೆ ಆಕೆ ಮೆಟ್ರೋದಲ್ಲಿದ್ದಾಗ ಆತನ ಮೆಸೇಜು ಬಂತು. ತಪ್ಪಾಯಿತು ಎಂದಿದ್ದ. ಎಲ್ಲರೂ ನನ್ನೊಡನೆ ಮಗುವಿನೊಡನೆ ಮಾತಾಡಿದಂತೆ ಮಾತಾಡುತ್ತಾರೆ, ಸಿಟ್ಟು ಮಾಡಿದವರು ನೀವೊಬ್ಬರೇ. ಕರುಣೆ ಇದ್ದವರು ಹಾಗೆ ಸಿಟ್ಟು ಮಾಡುವುದಿಲ್ಲ ಎಂದು ಬರೆದಿದ್ದ. ಓದುತ್ತ ಓದುತ್ತ ತಾನು ಇಳಿಯಬೇಕಿದ್ದ ಅಮೀರ್‌ಪೇಟ್ ದಾಟಿಹೋದದ್ದು ಆಕೆಗೆ ತಿಳಿಯಲಿಲ್ಲ.

ಚಿಕಿತ್ಸೆ ಮುಗಿಯಿತು. ನಳಿಗೆ ತೆಗೆದರು, ದನಿ ಒರಟಾಗಿಯೇ ಮರಳಿತು. ಕೆಲವು ತಿಂಗಳ ನಂತರ ಸ್ಕ್ಯಾನ್ ಮಾಡಿಸಿ, ಇಬ್ಬರೂ ವರದಿಗಾಗಿ ಕಾಯುತ್ತ ಕೂತಿದ್ದರು.

"ವರದಿ ಬಂದ ಮ್ಯಾಲೆ ಹೇಳಿದ್ರ ನೀವು ನಂಬೂದಿಲ್ಲ," ಎಂದಳು ಮಂದಾಕಿನಿ. "ಅದಕ್ಕ ಈಗ ಹೇಳ್ತೀನಿ. ನಾ ನಿಮ್ಮನ್ನ ಮದಿವಿ ಆಗ್ತೀನಿ."

ರೇಡಿಯೇಷನ್‌ನಿಂದ ಎಂಜಲು ಬತ್ತಿದ್ದ ಬಾಯಿಗೆ ಆತ ಒಂದು ಗುಟುಕು ನೀರು ಹಾಕಿಕೊಂಡ. "ಕೆಟ್ಟ ಸುದ್ದಿ ಬಂದ್ರ?"

"ಇಬ್ಬರೂ ಕೂಡಿ ಕೇಳೂಣು."

ಗಂಟಲಿನಲ್ಲಿ ಗಡ್ಡೆ ಕಾಣುತ್ತಿಲ್ಲ, ಕುತ್ತಿಗೆಯ ಒಂದು ಗಂಟಿನ ಬಗ್ಗೆ ಮಾತ್ರ ಇನ್ನೂ ಖಾತ್ರಿಯಿಲ್ಲ, ಮತ್ತೆ ನೋಡೋಣ ಎಂದರು ಡಾಕ್ಟರು. ಇಬ್ಬರೂ ಲಿಫ್ಟಿನ ತನಕ ನಡೆದರು. ಇಷ್ಟು ವರ್ಷ ಆಕೆಯನ್ನು ಒಮ್ಮೆಯೂ ಏಕವಚನದಲ್ಲಿ ಕರೆಯದ ಗುರುಸಿದ್ದಪ್ಪ ಕೈ ಚಾಚಿದ.

"ನಡಿ ಮಂದಾ," ಎಂದ. "ಮನೀಗೆ ಹೋಗೂಣು."